ಕೋಡು ಕಲಸುವ ರಾಜಣ್ಣ

ಟೈಪ್ ಮಾಡುವಾಗ ರಾಜಣ್ಣನ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ರಾಮನಗರದ ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಮೇಲಿದ್ದ ಆ ಪುಟ್ಟ ಆಫೀಸಿಗೆ ಮೊದಲ ದಿನ ಹೋದಾಗ ಇವರೇನೋ ಮಂತ್ರ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ.

ಆಗ ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು. ಯಾವ ಶಿಫ್ಟಿನವರಿಗೆ ಯಾವ ಊರಿಂದ ಯಾವ ಬಸ್ಸು ಎಂದು ತೋರಿಸುವ ವೆಬ್ ಪುಟಗಳನ್ನು ನಾವಿಬ್ಬರೂ ಬರೆಯುತ್ತಿದ್ದೆವು. ರಾಜಣ್ಣ ಮಾಗಡಿ ಕಡೆಯ ಕಲ್ಯದವರು, ನಲವತ್ತು ದಾಟಿದವರು. ನಾನು ಡಿಗ್ರಿ ಮುಗಿಸಿ ಆಗಷ್ಟೇ ಸೇರಿದವಳು.

"ನೋಡವ್ವ, ಬ್ರೌಸರ್‌ಗೆ ಹೋದ ಕೋಡ್‌ನ ಯಾರ್ ಬೇಕಾದ್ರೂ ತಗ್ದು ನೋಡ್ಬೋದು. ಅದ್ಕೇ ಕಳ್ಸೋಕ್ ಮುಂಚೆ ಕಲಸ್ಬುಡ್ಬೇಕು," ಎಂದು ಹೇಳಿಕೊಟ್ಟರು. ಬಿಲ್ಡ್ ಮಾಡುವಾಗ, ಅಂದರೆ ಬರೆದ ಕೋಡನ್ನು ಸೈಟಿಗೆ ಏರಿಸಲು ಸಿದ್ಧಮಾಡುವಾಗ, ಒಂದು ಪ್ರೋಗ್ರಾಮು ನಾವಿಟ್ಟ ಹೆಸರುಗಳನ್ನೆಲ್ಲ ಎ, ಬಿ, ಸಿ ಎಂದು ಬದಲಿಸಿ, ನಮಗಾಗಿ ಬರೆದುಕೊಂಡ ಟಿಪ್ಪಣಿಗಳನ್ನು ಅಳಿಸಿ, ಎಲ್ಲವನ್ನೂ ಒಂದೇ ಮುದ್ದೆ ಮಾಡುತ್ತಿತ್ತು. ಕಂಪ್ಯೂಟರಿಗೆ ಅರ್ಥವಾಗುತ್ತಿತ್ತು, ಮನುಷ್ಯರಿಗೆ ಇಲ್ಲ. ಹಿಂದೆ ಅವರು ಬರೆದ ಪುಟವೊಂದನ್ನು ಯಾರೋ ಪೂರ್ತಿ ನಕಲು ಮಾಡಿ ತಮ್ಮದೆಂದು ಮಾರಿದ್ದರಂತೆ.

ಅವರ ಮೂಲ ಕೋಡು ತೆರೆದಾಗ ತುಟಿ ಯಾಕೆ ಅಲುಗುತ್ತಿತ್ತೆಂದು ತಿಳಿಯಿತು. ಟಿಪ್ಪಣಿಗಳಲ್ಲಿ ರಾಜಣ್ಣ ಜಯಮ್ಮನ ಜೊತೆ ಮಾತಾಡುತ್ತಿದ್ದರು. ಜಯಮ್ಮ ಅವರ ಹೆಂಡತಿ. ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. 'ಕೋಡಿಹಳ್ಳಿ ಬಸ್ ಲೇಟಾದ್ರೆ ಇಲ್ಲಿ ಕೆಂಪು ತೋರ್ಸ್ತೀನಿ ಕಣೆ ಜಯ.' 'ಇವತ್ತೂ ಸಾರಿಗೆ ಉಪ್ಪು ಒಸಿ ಜಾಸ್ತಿ ಆಯ್ತು.' ನಾನು ಓದುತ್ತೇನೆಂದು ಅವರಿಗೆ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಒಂದು ಸಲ ಸರ್ವರ್ ಬದಲಿಸಿದಾಗ ಕಲಸುವ ಪ್ರೋಗ್ರಾಮು ಓಡಲೇ ಇಲ್ಲ. ಬಿಲ್ಡ್ ಅಲ್ಲಿಗೇ ನಿಲ್ಲದೆ ಮೂಲ ಫೈಲನ್ನೇ ಸೈಟಿಗೆ ಏರಿಸಿಬಿಟ್ಟಿತ್ತು. ನಮಗೆ ತಿಳಿಯುವಷ್ಟರಲ್ಲಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದವರು ಓದಿಯಾಗಿತ್ತು. ಅಲ್ಲಿಂದ ಫೋನು ಬಂತು. ಆ ಕಡೆಯ ದನಿ ನನಗೂ ಕೇಳಿಸಿತು.

"ಏನ್ ಸಾರ್, ಜಯಮ್ಮೋರು ಊಟಕ್ಕೆ ಏನ್ ಮಾಡವ್ರೆ ಇವತ್ತು?" ಹಿಂದೆ ಇನ್ಯಾರೋ ನಗುತ್ತಿದ್ದರು.

"ಸರಿಮಾಡ್ತೀನಿ ಸಾರ್," ಎಂದಷ್ಟೇ ಹೇಳಿ ರಾಜಣ್ಣ ಫೋನಿಟ್ಟರು. ತಪ್ಪು ಹುಡುಕಿ ಮತ್ತೆ ಬಿಲ್ಡ್ ಮಾಡಿದರು. ಆಮೇಲೆ ಮೂಲ ಫೈಲು ತೆರೆದು, ಜಯಮ್ಮನಿಗೆ ಬರೆದ ಸಾಲುಗಳನ್ನು ಒಂದೊಂದಾಗಿ ಅಳಿಸತೊಡಗಿದರು.

"ಬುಡಿ ಅಣ್ಣ, ಈಗ ಸರಿ ಹೋಯ್ತಲ್ಲ. ಇನ್ ಯಾರಿಗೂ ಕಾಣಾಕಿಲ್ಲ," ಎಂದೆ.

"ಹೊರಗಿನೋರು ಬಂದ್ರೆ ಅವಳು ಬಾಗ್ಲಿಗೇ ಬತ್ತಿರ್ಲಿಲ್ಲ ಕಣವ್ವ. ನಾನು ಬೀದಿಗೇ ತಂದ್ಬುಟ್ಟೆ."

ಮರುದಿನದಿಂದ ಅವರು ತುಟಿ ಬಿಗಿದುಕೊಂಡೇ ಟೈಪ್ ಮಾಡಿದರು. ಕೆಲವು ತಿಂಗಳಲ್ಲಿ ಆ ಕೆಲಸ ದೊಡ್ಡ ಕಂಪನಿಯೊಂದರ ಪಾಲಾಗಿ ನಮ್ಮ ಆಫೀಸು ಮುಚ್ಚಿತು.

ಕೊನೆಯ ದಿನ ಇಬ್ಬರೂ ಮಾಗಡಿ ಬಸ್ಸು ನಿಲ್ಲುವಲ್ಲಿ ನಿಂತಿದ್ದೆವು. ಧೈರ್ಯ ಮಾಡಿ ಕೇಳಿದೆ: "ಅಣ್ಣ, ಅತ್ತಿಗೆ ಹೆಂಗಿದ್ರು?"

ಅವರು ಹೆಗಲ ಚೀಲ ಕೆಳಗಿಟ್ಟರು. "ಇದ್ನ ಯಾರೂ ಕೇಳಿರ್ಲಿಲ್ಲ," ಎಂದು ಶುರುಮಾಡಿದರು. ಮದುವೆಯಾದ ಹೊಸದರಲ್ಲಿ ಸಾವನದುರ್ಗಕ್ಕೆ ಹೋದದ್ದು, ಅರ್ಧ ಬೆಟ್ಟ ಹತ್ತಿದ ಜಯಮ್ಮ ಚಪ್ಪಲಿ ಬಿಚ್ಚಿ ಬಂಡೆಯ ಮೇಲೆ ಕೂತು, ಇನ್ನು ಒಂದು ಹೆಜ್ಜೆಯೂ ಇಡುವುದಿಲ್ಲ ಎಂದದ್ದು. ಈ ನಡುವೆ ಮಾಗಡಿ ಬಸ್ಸು ಬಂತು, ಹೋಗಲಿ ಎಂದು ರಾಜಣ್ಣ ಅದನ್ನು ಬಿಟ್ಟರು. ಕತೆ ಬಂಡೆಯವರೆಗೆ ಬರುವಷ್ಟರಲ್ಲಿ ಇನ್ನೊಂದು ಬಂತು.

"ಉಳಿದಿದ್ದು ಇನ್ನೊಂದ್ ಸಲ ಯೋಳ್ತೀನಿ. ಉದ್ದ ಐತೆ," ಎನ್ನುತ್ತ ಹತ್ತಿದರು.

ಮರುವರ್ಷ ಕಲ್ಯಕ್ಕೆ ಹೋದೆ. ಮನೆಗೆ ಬೀಗ ಹಾಕಿತ್ತು. ಯುಗಾದಿಗೆ ಮುಂಚೆಯೇ ರಾಜಣ್ಣ ತೀರಿಕೊಂಡರೆಂದು ಪಕ್ಕದ ಮನೆಗೆ ಈಚೆಗೆ ಬಂದಿದ್ದಾಕೆ ಹೇಳಿ, "ನೀವ್ ಅವ್ರಿಗೇನಾಗ್ಬೇಕು?" ಎಂದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದೆ ಎಂದೆ. ಆ ದಿನ ಬಂಡೆಯ ಮೇಲೆ ಕೂತ ಜಯಮ್ಮ ಎದ್ದು ತುದಿಯವರೆಗೆ ಹತ್ತಿದರೋ, ಅಲ್ಲಿಂದಲೇ ಇಳಿದುಬಂದರೋ ಎಂದು ಕೇಳೋಣವೆನಿಸಿತು. ಹೆಸರು ಎತ್ತಿದರೆ, ಆಕೆಗೆ ಜಯಮ್ಮ ಯಾರೆಂದೇ ಗೊತ್ತಿರಲಿಲ್ಲ.