ಮೂರನೇ ಮಹಡಿಗೆ ಏರಿದ ಭಾವ

ಹೋದ ವಾರ ಒಬ್ಬಳು ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಮನೆ ಕೊಡಿಸುವ, ಮಾರಿಸುವ ಯಾವುದೋ ಕಂಪನಿಯವಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ಟು. ಲಿಫ್ಟಿಲ್ಲದ ಮೂರು ಮಹಡಿ ಹತ್ತಿದ ದಣಿವಿಗೆ ನೀರು ಕುಡಿದಳು, ಚಹಾ ಕುಡಿದಳು, ಏನೋ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬ್ಯಾಗಿನಿಂದ ಪುಟ್ಟ ಪೊಟ್ಟಣ ತೆಗೆದು ಅಂಗೈಗೆ ಸುರಿದುಕೊಂಡಳು. ಧಾಣಾದಾಳ. ಕೊತ್ತಂಬರಿ ಬೀಜದ ಒಳಗಿನ ಬೇಳೆಗೆ ಉಪ್ಪು ಹಾಕಿ ಹುರಿದದ್ದು. ನಾವು ಎಲೆ ಅಡಿಕೆ ಹಾಕಿಕೊಳ್ಳುವ ಹಾಗೆ ಇಲ್ಲಿಯವರು ಇದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳಿಗೆ ಉತ್ತರ ಕೊಡುವುದನ್ನೇ ಮರೆತು ಕೂತೆ. ನಮ್ಮ ಭಾವ ನೆನಪಾದರು...

ಭಾವ ಎಂದರೆ ನನ್ನ ಅಕ್ಕನ ಗಂಡನಲ್ಲ. ನನಗೆ ಅಕ್ಕನೇ ಇಲ್ಲ. ಗಂಡನ ಅಣ್ಣನೂ ಅಲ್ಲ. ನಮ್ಮವರೇ ಮನೆಗೆ ಹಿರಿಯ ಮಗ. ಈ ಭಾವ ಸೂರತ್‌ನ ಈ ಅಡಾಜಣ್‌ನಲ್ಲಿ ಮನೆಗಳ ದಲಾಲಿ ಮಾಡಿಕೊಂಡಿದ್ದ ಅಪ್ಪಟ ಗುಜರಾತಿ. ಅವರನ್ನು ಭಾವನನ್ನಾಗಿ ಮಾಡಿದ್ದು ನಮ್ಮ ಅತ್ತೆ, ಅದೂ ಬಾಗಿಲು ತೆರೆದ ಅರ್ಧ ನಿಮಿಷದಲ್ಲಿ.

ನಮ್ಮವರಿಗೆ ಬ್ಯಾಂಕಿನ ಕೆಲಸ. ತಿಪಟೂರಿನಿಂದ ಸೂರತ್‌ನ ಉಧ್ನಾ ಶಾಖೆಗೆ ವರ್ಗವಾದಾಗ ಅವರು ಮೊದಲೇ ಬಂದು ಈ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ನಾನೂ ಅತ್ತೆಯೂ ಆಮೇಲೆ ಸಾಮಾನು ಸಮೇತ ಬಂದಿಳಿದೆವು. ಸಾಮಾನಿನಲ್ಲಿ ಅತ್ತೆ ತೊಡೆಯ ಮೇಲಿಂದ ಇಳಿಸದೆ ತಂದದ್ದು ಒಂದೇ, ಮಾವ ನಿವೃತ್ತರಾದ ದಿನ ಶಾಲೆಯವರು ಕೊಟ್ಟ ಗೋಡೆ ಗಡಿಯಾರ. ಹೆಸರಿಗೆ ಗೋಡೆ ಗಡಿಯಾರ, ಗೋಡೆ ಕಂಡದ್ದೇ ಇಲ್ಲ. ಅತ್ತೆ ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವರು, ಎಲ್ಲಿ ಹೋದರೂ ಮಾಲೀಕರ ಮೊದಲ ಮಾತು ಮೊಳೆ ಹೊಡೆಯಬೇಡಿ ಅಂತ. ಇಲ್ಲಿಯ ಕರಾರಿನಲ್ಲೂ ಅದನ್ನೇ ಬರೆದಿದ್ದರು. ಗಡಿಯಾರ ಯಥಾಪ್ರಕಾರ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ಕೂತಿತು. "ಸಾಯೋದ್ರೊಳಗೆ ಯಾರನ್ನೂ ಕೇಳ್ದೆ ಒಂದು ಮೊಳೆ ಹೊಡೀಬೇಕು ಕಣೇ," ಎನ್ನುತ್ತಿದ್ದರು ಅತ್ತೆ. ಬೇರೆ ಆಸೆಗಳ ಬಗ್ಗೆ ಅವರು ನನ್ನ ಹತ್ತಿರ ಮಾತಾಡಿದ್ದು ನೆನಪಿಲ್ಲ.

ವರ್ಷ ತುಂಬಿ ಕರಾರು ಹೊಸದು ಮಾಡುವ ಹೊತ್ತಿಗೆ ದಲಾಲರು ಮೊದಲ ಸಲ ಮನೆಗೆ ಬಂದರು. ನಾನು ಮೇಲೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಬೇಗ ಬಾರೇ. ಯಾರೋ ಬಾಗ್ಲಲ್ಲಿ ನಿಂತ್ಕೊಂಡು 'ಬಾ, ಭಾವ... ಬಾ, ಭಾವ...' ಅಂತಾನೆ. ಹೊರಗಿರೋನು ಅವ್ನು, ಒಳಗಿರೋಳು ನಾನು. ನಾನು ಎಲ್ಲಿಗೆ ಬರ್ಲಿ?"

ಕೆಳಗೆ ಹೋಗಿ ನೋಡಿದರೆ ಬಿಳಿ ಅಂಗಿಯ, ಗುಂಡಗಿನ ಮನುಷ್ಯರೊಬ್ಬರು ಕೈಮುಗಿದು ನಿಂತಿದ್ದರು. ಮೂರು ಮಹಡಿಯ ಸುಸ್ತಿಗೆ ಮಾತು ತುಂಡು ತುಂಡಾಗಿ ಬರುತ್ತಿತ್ತು. "ಬಾ... ಭಾವ... ವಧೀ ಗಯೋ." ಗುಜರಾತಿಯಲ್ಲಿ ಬಾ ಎಂದರೆ ಅಮ್ಮ, ಭಾವ ಎಂದರೆ ಬೆಲೆ. ಅಮ್ಮಾ, ಬೆಲೆ ಏರಿದೆ, ಬಾಡಿಗೆಯನ್ನೂ ಏರಿಸಬೇಕು ಎನ್ನುವುದು ಅವರ ಅಹವಾಲು. ನಾನು ಇಷ್ಟನ್ನೂ ಬಿಡಿಸಿ ಹೇಳಿದೆ. ಅತ್ತೆ ಎಲ್ಲವನ್ನೂ ಕೇಳಿ, ತಮಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡರು. "ಬಾಡಿಗೆ ವಿಷ್ಯ ಆಮೇಲೆ. ಮೊದ್ಲು ಭಾವನಿಗೆ ನೀರು ಕೊಡು," ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಭಾವ.

ಮಜಾ ಏನೆಂದರೆ, ಇದು ಅವರಿಗೆ ಗೊತ್ತಿರಲಿಲ್ಲ. ಅವರು ಮೆಟ್ಟಿಲು ಏರಿ ಬಂದಾಗಲೆಲ್ಲ ಅತ್ತೆ "ಬಾ ಭಾವ" ಎಂದು ಬಾಯ್ತುಂಬ ಕರೆಯುತ್ತಿದ್ದರು. ಪಾಪ, ಅವರು ಈ ಅಜ್ಜಿಗೆ ಮನೆಗಳ ಬೆಲೆಯ ಮೇಲೆ ಎಷ್ಟು ಆಸಕ್ತಿ ಎಂದುಕೊಂಡು, ಕೂರುವ ಮೊದಲೇ ಇಡೀ ಅಡಾಜಣ್‌ನ ಅವತ್ತಿನ ದರ ಒಪ್ಪಿಸುತ್ತಿದ್ದರು. ಅತ್ತೆ ತಲೆಯಾಡಿಸಿ ಚಹಾಕ್ಕೆ ಇಡುತ್ತಿದ್ದರು. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಬೇಕಾಗುತ್ತಿತ್ತು.

ಚಹಾ ಆದ ಮೇಲೆ ಸ್ಟೀಲಿನ ಪುಟ್ಟ ಡಬ್ಬಿ ತೆಗೆದು ಧಾಣಾದಾಳ ಹಂಚುವುದು ಅವರ ಪದ್ಧತಿ. ಆಮೇಲೆ ಬಾಲ್ಕನಿಯಲ್ಲಿ ನಿಂತು ಪಾಠ. ನನಗೆ ಹಿಂದಿ ಬರುತ್ತಿದ್ದುದರಿಂದ ವಿದ್ಯಾರ್ಥಿನಿ ನಾನೇ. ಒಂದೇ ನಕ್ಷೆ, ಒಂದೇ ಇಟ್ಟಿಗೆ, ಮೂರು ತಿಂಗಳಿಗೆ ಬೆಲೆ ಹೇಗೆ ಬದಲಾಗುತ್ತೆ ಎಂದು ಕೇಳಿದರೆ ಅವರಿಗೆ ಹಬ್ಬ. ನದಿಯಾಚೆ ಕತಾರ್‌ಗಾಮ್ ಕಡೆಗೆ ಕೈ ತೋರಿಸಿ, ಅಲ್ಲಿ ವಜ್ರ ಸಾಣೆ ಹಿಡಿಯುವ ಚಕ್ರಗಳು ಬಿಡುವಿಲ್ಲದೆ ತಿರುಗಿದರೆ ಇಲ್ಲಿ ಕೊಳ್ಳುವವರು ಬರುತ್ತಾರೆ, ದೀಪಾವಳಿ ರಜೆ ಉದ್ದವಾದರೆ ಮಾರುವವರ ಫೋನು ಬರುತ್ತದೆ ಎನ್ನುತ್ತಿದ್ದರು. ಚಳಿಗಾಲದಲ್ಲಿ ಎಳೆ ಜೋಳದ ಪೋಂಕ್ ತಿನ್ನಲು ವಿಲಾಯತಿಯ ನೆಂಟರು ಬಂದಿಳಿದರೆ ಏರಿಕೆ, ಅವರು ವಾಪಸ್ ವಿಮಾನ ಹತ್ತಿದರೆ ತಣ್ಣಗೆ. ತಾಪಿ ನದಿ ಉಕ್ಕಿ ಬಂದ ವರ್ಷ ಕೆಳಗಿನ ಮನೆಗಳನ್ನು ಕೇಳುವವರಿರಲಿಲ್ಲವಂತೆ, ನಮ್ಮಂಥ ಮೂರನೇ ಮಹಡಿಗೆ ಮುಗಿಬಿದ್ದರಂತೆ. ಗೋಡೆಯ ಮೇಲಿನ ನೀರಿನ ಗೆರೆಗೆ ಬಣ್ಣ ಬಳಿದು ನಾಲ್ಕು ಬೇಸಿಗೆ ಕಳೆದ ಮೇಲೆ ಮೊಣಕಾಲು ನೋವಿನವರೆಲ್ಲ ಮತ್ತೆ ಕೆಳಗಿನ ಮನೆಯನ್ನೇ ಕೇಳತೊಡಗಿದರಂತೆ.

"ಸಿಮೆಂಟು, ಇಟ್ಟಿಗೆ ಬೆಲೆ ಏರಿಸೋಕೆ ವರ್ಷ ತಗೊಳ್ಳುತ್ತೆ, ಬೆಹನ್. ಮಾತು ಒಂದೇ ಸಂಜೆಯಲ್ಲಿ ಏರಿಸುತ್ತೆ," ಎನ್ನುತ್ತಾ ಕೆಳಗೆ ಗೇಟಿನ ಪಕ್ಕದ ಸಿಮೆಂಟ್ ಬೆಂಚು ತೋರಿಸುತ್ತಿದ್ದರು. ಅಲ್ಲಿ ಸಂಜೆ ನಾಲ್ಕು ಜನ ಕೂತು ಆಡಿಕೊಳ್ಳುವುದೇ ಮಾರನೆಯ ದಿನದ ದರ ಎನ್ನುವುದು ಅವರ ಸಿದ್ಧಾಂತ. ನನಗೆ ಇದು ಬರೀ ಬುರುಡೆ ಅನಿಸುತ್ತಿತ್ತು.

ಹೀಗಿರುವಾಗ ನದಿಗೆ ಹೊಸ ಸೇತುವೆಯ ಕಂಬಗಳು ಎದ್ದವು. ಒಂದು ದಿನ ಭಾವ ಡಬ್ಬಿಯನ್ನೂ ತೆಗೆಯದೆ ಮುಖ ಸಣ್ಣದು ಮಾಡಿಕೊಂಡು ಕೂತರು. ನಮ್ಮ ಓನರಮ್ಮ ವಿಲಾಯತಿಯಲ್ಲಿ ಮಗಳ ಮನೆಯಲ್ಲಿದ್ದವರು. ಮನೆ ಮಾರಿಬಿಡಿ ಎಂದಿದ್ದರಂತೆ. ನೀವೇ ಕೊಳ್ಳುತ್ತೀರಾ ಎಂದು ಮೊದಲು ನಮ್ಮನ್ನೇ ಕೇಳಿದರು, ನಿಜ. ಸೇತುವೆಯ ಗುಂಗಿನಲ್ಲಿ ಆಗ ಎದ್ದಿದ್ದ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಮ್ಮವರು ತಲೆ ಅಲ್ಲಾಡಿಸಿದರು. ಕೊಳ್ಳುವವರು ನೋಡಲು ಬರುತ್ತಾರೆ, ನಾನೂ ಜೊತೆಗೆ ಬರುತ್ತೇನೆ ಎಂದು ಭಾವ ಮೆಲ್ಲಗೆ ಇಳಿದು ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅತ್ತೆ ಗಡಿಯಾರಕ್ಕೆ ಹಳೆಯ ಸೀರೆ ಸುತ್ತುತ್ತಿದ್ದರು. ನನಗೆ ಅಳು ಬಂತು.

ಕೊಳ್ಳುವವರು ಬಂದರು. ಜೊತೆಗೆ ಬರಬೇಕಾದ ಭಾವ ಮಾತ್ರ ಸೂರತ್‌ನವರ ಸಾವಧಾನಕ್ಕೆ ತಕ್ಕಂತೆ ಪ್ರತಿಸಲವೂ ಅರ್ಧ ಗಂಟೆ ತಡ. ಬಾಗಿಲು ತೆರೆಯುತ್ತಿದ್ದವರು ಅತ್ತೆ. ಬಂದವರು ಅತ್ತೆಯನ್ನು ಯಜಮಾನಿ ಎಂದುಕೊಂಡು ವಿನಯದಿಂದ ಕೇಳುತ್ತಿದ್ದರು, "ಬಾ, ಶು ಭಾವ ಛೇ?" ಅಮ್ಮಾ, ಬೆಲೆ ಎಷ್ಟಿದೆ ಅಂತ. ಅತ್ತೆಗೆ ಕೇಳಿಸುತ್ತಿದ್ದದ್ದು "ಭಾವ ಇದ್ದಾರಾ" ಅಂತ. ಅವರಿನ್ನೂ ಬಂದಿಲ್ಲವಲ್ಲ, ಅದಕ್ಕೆ ತಮಗೆ ಗೊತ್ತಿದ್ದ ಎರಡೇ ಎರಡು ಶಬ್ದದ ಗುಜರಾತಿಯಲ್ಲಿ ಖಚಿತವಾಗಿ ಹೇಳುತ್ತಿದ್ದರು, "ಭಾವ ನಥೀ." ಭಾವ ಇಲ್ಲ.

ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಸುತ್ತಲೆಲ್ಲ ಬೆಲೆ ಏರುತ್ತಿರುವಾಗ, ಮನೆಯ ಯಜಮಾನಿಯೇ ಇದಕ್ಕೆ ಬೆಲೆ ಇಲ್ಲ ಎನ್ನುತ್ತಿದ್ದಾಳೆ! ನೀರೂ ಕುಡಿಯದೆ ಇಳಿದು ಹೋಗುತ್ತಿದ್ದರು. ಒಳಗೆ ಮಿಕ್ಸಿ ಹಾಕಿಕೊಂಡು ಇರುತ್ತಿದ್ದ ನನಗೆ ಇದರ ತಲೆಬುಡ ಗೊತ್ತಿರಲಿಲ್ಲ. ಇಳಿದವರು ಗೇಟಿನ ಬೆಂಚಿನ ಮುಂದೆಯೇ ಹಾದು ಹೋಗಬೇಕಲ್ಲ... ಎರಡು ವಾರದಲ್ಲಿ ನಮ್ಮ ಕಟ್ಟಡದ ಕಂಬದಲ್ಲಿ ಬಿರುಕಿದೆ ಎಂದರು ಬೆಂಚಿನವರೊಬ್ಬರು, ಗೋಡೆಯೊಳಗೆ ನೀರು ಜಿನುಗುತ್ತದೆ ಎಂದರು ಇನ್ನೊಬ್ಬರು. ಪಕ್ಕದ ಕಟ್ಟಡಕ್ಕೆ ಸೇತುವೆಯ ಬೆಲೆ, ನಮ್ಮದನ್ನು ಕೇಳುವವರೇ ಇಲ್ಲ. ಭಾವ ತಲೆಯ ಮೇಲೆ ಕೈಹೊತ್ತು ಕೂತರು. ಇಷ್ಟು ವರ್ಷದ ದಂಧೆಯಲ್ಲಿ ಇಂಥದ್ದು ನೋಡಿಲ್ಲ ಎಂದರು.

ಕೊನೆಗೊಂದು ಮಧ್ಯಾಹ್ನ ಅವರು ಅಪರೂಪಕ್ಕೆ ಐದೇ ನಿಮಿಷ ತಡವಾಗಿ ಬಂದು, ಮೆಟ್ಟಿಲ ತಿರುವಿನಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಾಗ ಮೇಲಿನಿಂದ ಅತ್ತೆಯ ಧ್ವನಿ ಕೇಳಿಸಿಕೊಂಡರು. "ಭಾವ ನಥೀ!" ಬಂದಿದ್ದ ಗಂಡ ಹೆಂಡತಿ ಅವರನ್ನು ದಾಟಿ ಸರಸರ ಇಳಿದು ಹೋದರು. ಅಷ್ಟರಲ್ಲಿ ಅತ್ತೆ ಕೆಳಗೆ ಬಗ್ಗಿ ನೋಡಿ ಸಂಭ್ರಮದಿಂದ ಕೂಗಿದರು, "ಅಗೋ ಬಂದ, ಭಾವ ಬಂದ! ಕರಿಯೇ ಅವ್ರನ್ನ!" ನಾನು ಓಡಿ ಬಂದೆ. ಭಾವನ ಕಣ್ಣಲ್ಲಿದ್ದ ಪ್ರಶ್ನೆ ನೋಡಿ ಎಲ್ಲವನ್ನೂ ಬಿಡಿಸಿ ಹೇಳಲೇಬೇಕಾಯಿತು. ನಮ್ಮಲ್ಲಿ ಭಾವ ಎಂದರೆ ಏನು, ಅವರು ಯಾವಾಗಿನಿಂದ ನಮಗೆ ಭಾವ, ಎಲ್ಲ. ಅವರು ಮೆಟ್ಟಿಲ ಮೇಲೆ ಧೊಪ್ಪನೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರು ಮನೆಯವರು ಬಾಗಿಲು ತೆರೆದು ನೋಡುವಷ್ಟು ನಕ್ಕರು.

ನಕ್ಕು ಕಣ್ಣೊರೆಸಿಕೊಂಡ ಮೇಲೆ ಅವರು ಗಂಭೀರರಾದರು. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಖುಷಿ, ನಾಚಿಕೆ ಬಂದದ್ದು ಆಮೇಲೆ. ಬೆಲೆ ಹೀಗೇ ಕೂತಿದ್ದರೆ ಮನೆ ನಮ್ಮದಾಗಬಹುದಲ್ಲ! "ನೀವು ಕೇಳಿಸಿಕೊಂಡೇ ಇಲ್ಲ ಅಂದುಕೊಂಡರೆ..." ಎಂದು ರಾಗ ಎಳೆದೆ. ಅವರು ಡಬ್ಬಿ ತೆಗೆದರು. ನನ್ನ ಮುಖ ನೋಡಿ ಅತ್ತೆಗೆ ಅನುಮಾನ ಬಂತು. ಬಿಡಿಸಿ ಹೇಳಿಸಿಕೊಂಡರು.

"ಅಂದ್ರೆ ನನ್ನ ಬಾಯಿಂದ ಆ ಹೆಂಗಸಿಗೆ ಲುಕ್ಸಾನಾಯ್ತಾ? ಈಗ್ಲೇ ಫೋನ್ ಮಾಡ್ಸು. ಸುಳ್ಳಿನ ಗೋಡೆಗೆ ಗಡಿಯಾರ ನೇತ್‌ಹಾಕಲ್ಲ ನಾನು."

ಭಾವ ಓನರಮ್ಮನಿಗೆ ಫೋನು ಹಚ್ಚಿದರು. ನಡೆದದ್ದನ್ನು ಅವರು ಹೇಳಿ ಮುಗಿಸಿದಾಗ ಬೈಗುಳ ಕಾದಿದೆ ಎಂದುಕೊಂಡೆ. ಆ ಕಡೆಯಿಂದ ಬಂದದ್ದು ನಗು, ಭಾವನದಕ್ಕಿಂತ ಜೋರು. ಬಾ ಅವರಿಗೆ ಕೊಡಿ ಎಂದರು ಓನರಮ್ಮ. ಆ ಮನೆಯಲ್ಲಿ ನಿಮಗೆ ಏನಿದೆ ಅಷ್ಟು ಇಷ್ಟ ಎಂದು ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಮೊಳೆಗೆ ಗುಜರಾತಿಯಲ್ಲಿ ಏನು ಅನ್ನುತ್ತಾರೆ ಎಂದು ಭಾವನನ್ನು ಸನ್ನೆಯಲ್ಲೇ ಕೇಳಿಕೊಂಡು ಅತ್ತೆ ಹೇಳಿದರು, "ಏಕ್ ಖೀಲೋ." ಒಂದು ಮೊಳೆ. ಹೇಳುವಾಗ ಫೋನಿಗೆ ಕಾಣುತ್ತದೆಯೋ ಎನ್ನುವಂತೆ ಸುತ್ತಿಗೆ ಹೊಡೆಯುವ ಅಭಿನಯ ಬೇರೆ.

ಆಮೇಲೆ ವ್ಯವಹಾರ. ಎಲ್ಲರಿಗೂ ನಿಜ ಹೇಳಿದರೆ ಬೆಲೆ ಮತ್ತೆ ಏರುತ್ತದಾ ಎಂದು ಓನರಮ್ಮ ಕೇಳಿದರು. ಏರುತ್ತೆ, ಆದರೆ ಬೆಂಚಿನವರು ಕಂಬದ ಬಿರುಕು ಮರೆಯಬೇಕು, ಇನ್ನೊಂದು ದೀಪಾವಳಿ ಕಳೆಯಬೇಕು ಎಂದರು ಭಾವ. ಓನರಮ್ಮನಿಗೆ ಕಾಯುವಂತಿರಲಿಲ್ಲ. ಮಗಳು ಅಲ್ಲಿ ಮನೆ ಕೊಳ್ಳುತ್ತಿದ್ದಳು, ಅಲ್ಲೂ ಭಾವ ಏರುತ್ತಿತ್ತು. ನೀವೇ ಒಂದು ಬೆಲೆ ಹೇಳಿ ಎಂದರು. ಭಾವ ಬಹಳ ಹೊತ್ತು ಧಾಣಾದಾಳ ಅಗಿದು, ಬೆಂಚಿನ ಬೆಲೆಗಿಂತ ಮೇಲೆ, ಸೇತುವೆಯ ಬೆಲೆಗಿಂತ ಕೆಳಗೆ ಒಂದು ಮಾತು ಹೇಳಿದರು. ಅವರೂ ಹೂಂ ಎಂದರು, ನಾವೂ ಹೂಂ ಎಂದೆವು. ತಿಪಟೂರಿನ ಸೈಟು ಮಾರಿ, ಬ್ಯಾಂಕಿನ ಸಾಲ ಎತ್ತಿ, ಈ ಮನೆ ನಮ್ಮದಾಯಿತು.

ದಲಾಲಿಯಲ್ಲಿ ಭಾವ ಎರಡೂ ಕಡೆ ಒಂದು ಪೈಸೆ ಬಿಡಲಿಲ್ಲ. "ಭಾವ ಅಂದ್ಮೇಲೆ ಕೀಳ್ದೆ ಬಿಡ್ತಾನಾ?" ಎಂದು ಅತ್ತೆ ನಕ್ಕರು. ಆದರೆ ಕಾಗದಪತ್ರ ಮುಗಿದ ಮಾರನೆಯ ದಿನ ಅವರು ಸುತ್ತಿಗೆ ಹಿಡಿದು ಮೂರು ಮಹಡಿ ಏರಿ ಬಂದರು. ಕಾಗದದ ಪೊಟ್ಟಣ ಬಿಚ್ಚಿದರೆ ಧಾಣಾದಾಳದ ನಡುವೆ ಒಂದು ಉಕ್ಕಿನ ಮೊಳೆ. ಇಲ್ಲಿಯ ಗೋಡೆಗೆ ಸಾದಾ ಮೊಳೆ ಬಾಗಿಬಿಡುತ್ತದಂತೆ. ಅತ್ತೆ ಯಾರಿಗೂ ಕೊಡದೆ ತಾವೇ ಸ್ಟೂಲು ಹತ್ತಿದರು. ಭಾವ ಸ್ಟೂಲು ಹಿಡಿದರು, ನಾನು ಗಡಿಯಾರ ಹಿಡಿದೆ. ಎರಡು ಕಡೆ ಗಾರೆ ಉದುರಿತು, ಮೂರನೆಯ ಕಡೆ ಮೊಳೆ ಸೊಟ್ಟಗೆ ಇಳಿಯಿತು. ಇಳಿದ ಮೇಲೆ ಅತ್ತೆ ಸ್ಟೂಲಿನ ಮೇಲೆ ನಿಂತೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಸಂತೋಷದ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ನಮ್ಮವರಿಗೆ ವಡೋದರಾ, ಅಹಮದಾಬಾದ್ ಎಂದು ವರ್ಗಗಳಾದವು. ಅವರೊಬ್ಬರೇ ರೈಲಿನಲ್ಲಿ ಓಡಾಡಿದರು. ನಾವು ಅಲುಗಲಿಲ್ಲ. ಸೇತುವೆ ಮುಗಿಯಿತು, ಬೆಂಚಿನವರೂ ಬಿರುಕು ಮರೆತರು. ಭಾವ ಬಾಗಿಲಲ್ಲಿ ನಿಂತು "ಬಾ, ಭಾವ ವಧೀ ಗಯೋ!" ಎಂದು ಕೂಗುವುದು ನಿಲ್ಲಲಿಲ್ಲ. ಏರಿದ್ರೆ ನಮಗೇನು, ಮಾರ್ತೀವಾ ಎಂದು ಅತ್ತೆ ಗೊಣಗಿಕೊಂಡೇ ಚಹಾಕ್ಕೆ ಇಡುತ್ತಿದ್ದರು.

ಅತ್ತೆ ತೀರಿಹೋದಾಗ ಭಾವ ಬಂದು ಗಡಿಯಾರದ ಕೆಳಗೆ ಕೂತಿದ್ದರು. ಅವತ್ತೊಂದೇ ದಿನ ಅವರು ದರ ಹೇಳಲಿಲ್ಲ... ಬರಬರುತ್ತಾ ಅವರ ಮೊಣಕಾಲೂ ಕೈಕೊಟ್ಟಿತು. ಸಂಜೆ ಗೇಟಿನ ಬೆಂಚಿನ ಮೇಲೆ ಕೂತು, ನಾನು ಬಾಲ್ಕನಿಗೆ ಬಂದರೆ ಹೆಬ್ಬೆರಳು ಮೇಲೆ ಮಾಡುತ್ತಿದ್ದರು, ಇಲ್ಲವೇ ಕೆಳಗೆ. ಒಂದು ಸಂಜೆ ಬೆಂಚಿನ ಮೇಲೆ ಅವರಿರಲಿಲ್ಲ. ಮಾರನೆಯ ದಿನ ಅವರ ಮಗ ಫೋನು ಮಾಡಿದ. ಈಗಲೂ ಸಂಜೆಯಾದರೆ ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡುತ್ತೇನೆ. ತುಂಬ ಬೇಜಾರಾಗುತ್ತದೆ.

ಆ ಹುಡುಗಿ ಟ್ಯಾಬ್ಲೆಟ್ಟು ಹಿಡಿದು ಇನ್ನೂ ಕಾಯುತ್ತಿದ್ದಳು. ಆಗ ಕೇಳಿದ್ದನ್ನೇ ಮತ್ತೆ ಕೇಳಿದಳು, "ಆಂಟಿ, ಶು ಭಾವ ಛೇ?"

ತಲೆ ಎತ್ತಿದರೆ ಸೊಟ್ಟ ಮೊಳೆಯ ಮೇಲೆ ಗಡಿಯಾರ.

"ಭಾವ ನಥೀ, ಬೇಟಾ," ಎಂದೆ. "ಎರಡು ವರ್ಷ ಆಯ್ತು."

ಅವಳು ಟೈಪು ಮಾಡುತ್ತಿದ್ದ ಬೆರಳು ನಿಲ್ಲಿಸಿ ಗಾಬರಿಯಿಂದ ನನ್ನನ್ನು ನೋಡಿದಳು. "ಎರಡು ವರ್ಷದಿಂದ ಭಾವ ಇಲ್ಲವಾ?"

ಇಲ್ಲ ಎಂದೆ.