ಡಾಕ್ಟರಮ್ಮ ಕೊಟ್ಟ ಹಿಡಿ ಮಣ್ಣು

ಭಾನುವಾರ ಸಂಜೆ ಡಾಕ್ಟರಮ್ಮನ ಎರಡೂ ಕೈ ಮೊಣಕೈವರೆಗೆ ಮಣ್ಣಾಗಿರುತ್ತಿದ್ದವು. ಕನ್ನಡಕ ಜಾರಿದರೆ ಭುಜದಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ಎಡಭುಜವೋ ಬಲಭುಜವೋ, ಕೆಲವು ವಿವರ ನಾನು ಈಚೆಗೆ ಸೇರಿಸಿಕೊಂಡದ್ದೂ ಇರಬಹುದು. ಮಣ್ಣು ಮಾತ್ರ ನಿಜ.

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯವರು. ಧಾರವಾಡದ ಕಡೆಯವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. "ದವಾಖಾನ್ಯಾಗ ಮಂದೀನ್ನ ಮಲಗಸ್ತೀನಿ, ಮನ್ಯಾಗ ಗಿಡ ಎಬ್ಬಸ್ತೀನಿ," ಅನ್ನುತ್ತಿದ್ದರು. ಹಿತ್ತಿಲ ಗಾಜಿನ ಕೋಣೆಯಲ್ಲಿ, ಹೀಟರ್ ಪಕ್ಕ, ಅವರ ದುಂಡುಮಲ್ಲಿಗೆ. ತವರಿನಿಂದ ಬೇರಿನ ಮಣ್ಣು ಉದುರದಂತೆ ಒದ್ದೆ ಸೀರೆ ತುಂಡಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು.

ಹೊಸದಾಗಿ ಲಂಡನ್ನಿಗೆ ಬಂದ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಅದರ ಸಸಿ ಕೊಡುತ್ತಿದ್ದರು. ಅಂಗಡಿಯ ಕಾಂಪೋಸ್ಟ್ ತುಂಬಿದ ಮೇಲೆ ತಾಯಿಗಿಡದ ಕುಂಡದಿಂದ ಒಂದು ಹಿಡಿ ಮಣ್ಣು ಹಾಕಲೇಬೇಕು. ತೊಂಬತ್ತರ ದಶಕದ ನಡುವೆ, ಮದುವೆಯಾಗಿ ಬಂದ ನನಗೂ ಸಿಕ್ಕಿತು.

"ಗುರುತಿನ ಮಣ್ಣು ಇರಲಿ. ಇಲ್ಲಾಂದ್ರ ಅಂಜತದ, ಪಾಪ."

ನನ್ನ ಗಿಡ ಎರಡನೇ ವರ್ಷ ಹಳದಿಯಾಗಿ ಸತ್ತಿತು. "ನೀರಾಗ ಮುಳುಗಿಸಿ ಕೊಂದಿ ಏನವ್ವಾ?" ಎಂದು ನಕ್ಕು ಇನ್ನೊಂದು ಕೊಟ್ಟರು. ಅದೂ ಹೋಯಿತು. ವೆಂಬ್ಲಿಯಲ್ಲಿದ್ದ ನನ್ನ ಗಂಡನ ಅಕ್ಕ, ನನ್ನ ಅತ್ತಿಗೆ, ತಮ್ಮ ಮನೆಯಲ್ಲೂ ಸತ್ತಿದ್ದ ಮಲ್ಲಿಗೆಯ ಕುಂಡದಲ್ಲೇ ಟೊಮೇಟೊ ಹಾಕಿದರು, ಅದೂ ಸೊರಗಿತು. "ನನ್ನ ಕೈಗುಣವೇ ಸರಿಯಿಲ್ಲ ಕಣೇ," ಅಂದರು. ಚಳಿಯನ್ನು ಬೈದೆವು, ನಲ್ಲಿನೀರಿನ ಸುಣ್ಣವನ್ನು ಬೈದೆವು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಎಂಟು ವರ್ಷ ಒಂದು ಬೇರನ್ನೂ ತೊಳೆದು ನೋಡಲಿಲ್ಲ. ಯಾಕೆ? ಗೊತ್ತಿಲ್ಲ.

ಕೊನೆಗೆ ತಾಯಿಗಿಡವೇ ಹಳದಿಯಾಯಿತು. ಆ ಹೊತ್ತಿಗೆ ಡಾಕ್ಟರಮ್ಮನಿಗೂ ಕಾಯಿಲೆ ಹಬ್ಬಿ, ಕುರ್ಚಿ ಬಿಟ್ಟು ಏಳಲಾಗುತ್ತಿರಲಿಲ್ಲ. ಅವರು ಹೇಳಿದರೆಂದು ಗಿಡ ಕಿತ್ತು ನಲ್ಲಿಯಡಿ ಹಿಡಿದೆ. ಬೇರಿನ ತುಂಬ ಗಂಟು, ಮಣಿ ಪೋಣಿಸಿದಂತೆ. ಬೇರುಗಂಟಿನ ಜಂತುಹುಳು. ಕಣ್ಣಿಗೆ ಕಾಣುವುದಿಲ್ಲ, ಮಣ್ಣಿನ ಜೊತೆ ಹೋದಲ್ಲೆಲ್ಲ ಹೋಗುತ್ತದೆ, ಹೊಕ್ಕ ಬೇರಿಗೆ ಮದ್ದಿಲ್ಲ. ಅವರ ಕೈಯಿಂದ ಹಿಡಿಹಿಡಿಯಾಗಿ ಅದು ನಮ್ಮೆಲ್ಲರ ಮನೆಗೂ ಬಂದಿತ್ತು.

"ನೀ ಓದಿದಾಕಿ. ಏನಾಗೇದ, ಹೇಳು."

"ಚಳಿ ಇರಬೇಕು, ಡಾಕ್ಟರಮ್ಮ."

"ಪೇಶಂಟ್‌ಗೆ ನಾನೂ ಹಿಂಗ ಹೇಳ್ತಿದ್ದೆ," ಎಂದು ಕಣ್ಣು ಮುಚ್ಚಿದರು.

ಅತ್ತಿಗೆಗೆ ಮಾತ್ರ ನಿಜ ಹೇಳಿದೆ. ಅವರ ಮುಖ ಬಿಗಿಯಿತು. "ಇಷ್ಟು ವರ್ಷ ನನ್ನ ಕೈಯನ್ನೇ ಶಪಿಸಿಕೊಂಡೆ. ಅವರಿಗೆ ಗೊತ್ತಾಗೋದು ಬೇಡವಾ?"

"ಸಾಯುವವರಿಗೆ ಇದೊಂದು ಯಾಕೆ ಅತ್ತಿಗೆ? ಹಂಚೋದೊಂದೇ ಅವರ ಸಂತೋಷ."

ಮರುವಾರ ಡಾಕ್ಟರಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅತ್ತಿಗೆ ಒಬ್ಬರೇ ಹೋಗಿ ಅರ್ಧ ದಿನ ಕೂತು ಬಂದರು. ಮೂರನೇ ದಿನ ಡಾಕ್ಟರಮ್ಮ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿಸಿ ಬರುವಾಗ ಟ್ಯೂಬ್ ರೈಲಿನಲ್ಲಿ ಅತ್ತಿಗೆಯನ್ನು ಕೇಳಿದೆ. ವೆಂಬ್ಲಿಗೆ ಇನ್ನೂ ಎರಡು ಸ್ಟೇಷನ್ ಇರುವಾಗಲೇ ಅವರು ಎದ್ದು ಬಾಗಿಲ ಬಳಿ ಹೋಗಿ ನಿಂತರು. ಆಮೇಲೆ ಎಷ್ಟೋ ಹಬ್ಬಕ್ಕೆ ಜೊತೆಗೆ ಕೂತು ಉಂಡಿದ್ದೇವೆ, ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿಗೆ, ಹೇಳಿಬಿಟ್ರಾ ಅವರಿಗೆ?"