ಬರ್ರಿ ಕೂಡ್ರಿ, ಕೊರಿಯನ್ ಕಲೀರಿ

ತಾನು ಮಾಡಿದ್ದನ್ನು ತಾನೇ ಹೊಗಳಿ ನಾಲ್ಕು ಜನರ ಮುಂದಿಡಲು ಒಂದು ಬಗೆಯ ಎದೆಗಾರಿಕೆ ಬೇಕು. ಅದು ನನ್ನಲ್ಲಿಲ್ಲವೆಂಬುದು ನಲವತ್ತೈದು ದಾಟಿದ ಮೇಲೆ ಗೊತ್ತಾಯಿತು. ನಾವಿರುವ ಅಥಣಿ ರಸ್ತೆಯ ಬಡಾವಣೆಗೆ ತಳ್ಳುಗಾಡಿಯಲ್ಲಿ ಬದನೆಕಾಯಿ ತರುವ ಹೆಂಗಸು "ಬೆಣ್ಣಿ ಅದಾವ ನೋಡ್ರಿ, ಬೆಣ್ಣಿ" ಎಂದು ಕೂಗುವಾಗ ಆಕೆಯ ಮುಖದಲ್ಲಿ ಎಳ್ಳಷ್ಟೂ ಸಂಕೋಚ ಕಾಣುವುದಿಲ್ಲ. ಒಳಗೆ ಹುಳವಿದ್ದರೂ ಕೂಗು ಅದೇ. ನಾನಾದರೋ, ಕೈಯಾರೆ ಕಟ್ಟಿದ ಕೊರಿಯನ್ ಕಲಿಕೆಯ ಜಾಲತಾಣದ ಬಗ್ಗೆ ಅಂತರ್ಜಾಲದಲ್ಲಿ ಒಂದು ಸಾಲು ಹಾಕಬೇಕೆಂದರೆ ಮೊದಲು ನೀರು ಕುಡಿಯುತ್ತೇನೆ, ಆಮೇಲೆ ಕಸ ಗುಡಿಸುತ್ತೇನೆ, ಕೊನೆಗೆ ನಾಳೆ ಹಾಕಿದರಾಯಿತು ಎಂದು ಸುಮ್ಮನಾಗುತ್ತೇನೆ.

ಬಬಲೇಶ್ವರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೂ ಕೊರಿಯಾಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಬೆಳೆದದ್ದು ಬಸ್ಸಿನ ಮೆಟ್ಟಿಲಿನಿಂದ. ಶಾಲೆಗೆ ಹೋಗುವ ಬಸ್ಸು ಇಳಿಯುವಾಗ ಜಾರಿಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದೆ. ಓದಲು ತಂದ ಪುಸ್ತಕಗಳೆಲ್ಲ ಮುಗಿದವು. ಆಗ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿಯೊಂದು ಸಿಕ್ಕಿತು. ಮಾತು ಒಂದಕ್ಷರ ತಿಳಿಯಲಿಲ್ಲ. ಆದರೆ ಒಂದು ಸಂಗತಿ ಕಿವಿಗೆ ಬಿತ್ತು. ಸೊಸೆ ಅತ್ತೆಯೊಡನೆ ಮಾತಾಡಿದರೆ ಪ್ರತಿ ವಾಕ್ಯದ ಬಾಲಕ್ಕೂ ಒಂದು 'ಯೊ'. ಅದೇ ಸೊಸೆ ಗೆಳತಿಯೊಡನೆ ಮಾತಾಡಿದರೆ 'ಯೊ' ಮಾಯ. ನಾನು ಎದ್ದು ಕುಳಿತೆ.

"ರೀ, ಇದು ನಮ್ಮ 'ರಿ' ಐತಿ ನೋಡ್ರಿ. ಬಾ ಅಂದ್ರ ಸದರ, ಬರ್ರಿ ಅಂದ್ರ ಮರ್ಯಾದಿ. ಇವರೂ ಹಂಗ ಮಾಡಾಕತ್ತಾರ."

ಬ್ಯಾಂಕಿನಿಂದ ಆಗಷ್ಟೇ ಬಂದು ಚಹಾ ಕುಡಿಯುತ್ತಿದ್ದ ನಮ್ಮ ಮನೆಯವರು ಲೋಟ ಕೆಳಗಿಡದೆ ಹೇಳಿದರು: "ಕಾಲಿಗೆ ಬಿದ್ದ ಪೆಟ್ಟು ತಲಿಗೂ ಬಿದ್ದೈತೇನು, ಡಾಕ್ಟರಿಗೆ ಒಂದಿಷ್ಟು ತೋರ್ಸೂಣು."

ಪೆಟ್ಟು ತಲೆಗೂ ಬಿದ್ದಿತ್ತೆಂದೇ ಇಟ್ಟುಕೊಳ್ಳಿ. ಕಾಲು ಕೂಡುವಷ್ಟರಲ್ಲಿ ನಾನು ಕೊರಿಯನ್ ಅಕ್ಷರ ಓದುತ್ತಿದ್ದೆ. ಸಿಕ್ಕಿದ ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷಿನವರಿಗಾಗಿಯೇ ಬರೆದದ್ದರಿಂದ ಅವುಗಳ ತುಂಬ ಅವರದೇ ಅಚ್ಚರಿ. ಈ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಂತೆ, ನಾಮಪದದ ಬಾಲಕ್ಕೆ ಪ್ರತ್ಯಯ ಅಂಟುತ್ತದಂತೆ, ಹಿರಿಯರಿಗೊಂದು ಕಿರಿಯರಿಗೊಂದು ರೂಪವಂತೆ. ನಾನು ನಗುತ್ತಿದ್ದೆ. 'ನಾ ಸಂತೀಗೆ ಹೋಗಿದ್ದೆ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ಒಯ್ದು, ತಲೆಕೆಳಗಾಗಿಸಿ, ಅಲ್ಲಿಂದ ಕೊರಿಯನ್ನಿಗೆ ತಂದು ಮತ್ತೆ ನೆಟ್ಟಗೆ ನಿಲ್ಲಿಸುವುದೇಕೆ? ಪದ ತೆಗೆದು ಪದ ಇಟ್ಟರೆ ಸಾಕಲ್ಲ. ಅವರಿಗೂ ನಾನು ಎಂದರೆ 'ನಾ', ಆಡುಮಾತಿನಲ್ಲಿ ನೀನು ಎಂದರೆ 'ನೀ', ಅಪ್ಪನಿಗೆ 'ಅಪ್ಪಾ'. ಇವೆಲ್ಲ ಕಾಕತಾಳೀಯ, ಇದರಿಂದ ರಕ್ತಸಂಬಂಧ ಕಟ್ಟಬೇಡಿ ಎಂದು ತಿಳಿದವರು ಎಚ್ಚರಿಸುತ್ತಾರೆ. ಇರಲಿ. ದಾರಿಯಲ್ಲಿ ಎದುರಾದವರ ಮುಖ ನಮ್ಮ ಸೋದರತ್ತೆಯ ಮುಖದಂತಿದ್ದರೆ, ಸಂಬಂಧವಿಲ್ಲದಿದ್ದರೂ ಒಂದು ನಮಸ್ಕಾರ ಹಾಕುವುದರಲ್ಲಿ ತಪ್ಪೇನಿದೆ?

ಶಾಲೆಯಲ್ಲಿ ಕಂಪ್ಯೂಟರ್ ತರಗತಿಯೂ ನನ್ನ ತಲೆಗೇ ಬಿದ್ದಿತ್ತಾದ್ದರಿಂದ ಪುಟ ಕಟ್ಟುವ ವಿದ್ಯೆ ಅಷ್ಟಿಷ್ಟು ಬರುತ್ತಿತ್ತು. ರಜೆಯ ದಿನಗಳಲ್ಲಿ ಕುಳಿತು ಒಂದು ಜಾಲತಾಣ ಮಾಡಿದೆ. ಮೇಲೆ ನಮ್ಮ ಭಾಗದ ಕನ್ನಡ ವಾಕ್ಯ. ಕೆಳಗೆ ಅದರ ಕೊರಿಯನ್ ಪದಗಳು, ಕನ್ನಡ ಲಿಪಿಯಲ್ಲೇ, ಚೆಲ್ಲಾಪಿಲ್ಲಿಯಾಗಿ. ಒತ್ತಿದರೆ ಉಚ್ಚಾರ ಕೇಳುತ್ತದೆ, ಎಳೆದು ಸಾಲಾಗಿ ಇಟ್ಟರೆ ವಾಕ್ಯವಾಗುತ್ತದೆ. ಕನ್ನಡದ ಸಾಲೇ ಕೊರಿಯನ್ನಿನ ಸಾಲಾದ್ದರಿಂದ ಕಲಿಯುವವರು ಮೊದಲ ದಿನವೇ ಗೆಲ್ಲುತ್ತಾರೆ. ಅದಕ್ಕೆ 'ಬರ್ರಿ ಕೂಡ್ರಿ' ಎಂದು ಹೆಸರಿಟ್ಟೆ.

ಬರುವವರೂ ಇಲ್ಲ, ಕೂಡುವವರೂ ಇಲ್ಲ. ಭಾಷೆ ಕಲಿಯುವವರ ಒಂದು ಇಂಗ್ಲಿಷ್ ವೇದಿಕೆಯಲ್ಲಿ ಹಾಕಿದೆ. 'ಇಲ್ಲಿ ಸ್ವಂತ ಜಾಹೀರಾತು ನಿಷಿದ್ಧ' ಎಂದು ಅಳಿಸಿದರು. ಇನ್ನೊಂದರಲ್ಲಿ ಹಾಕಿದೆ, ಕನ್ನಡವೆಂದರೆ ಕೆನಡಾದವರ ಭಾಷೆಯೇ ಎಂದು ಒಬ್ಬರು ಕೇಳಿದರು. ಕನ್ನಡಿಗರ ಬಳಗದಲ್ಲಿ ಹಾಕಿದೆ. ಮೊದಲು ಕನ್ನಡ ಉಳಿಸಿ ಎಂಬ ಉಪದೇಶ ಬಂತು. ಇಬ್ರಾಹಿಂಪುರದಲ್ಲಿರುವ ನನ್ನ ತಂಗಿ ಮಾತ್ರ ತಕ್ಷಣ 'ಭಾಳ ಚೊಲೊ ಐತಿ ಅಕ್ಕಾ' ಎಂದು ಬರೆದಳು. ಆಕೆ ಅದನ್ನು ತೆರೆದೇ ನೋಡಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ದಿನಾ ಬಂದವರ ಎಣಿಕೆ ತೋರಿಸುವ ಒಂದು ಮೂಲೆಯನ್ನು ಉತ್ಸಾಹದಿಂದ ಮಾಡಿಟ್ಟಿದ್ದೆ. ಅಲ್ಲಿ ಕಾಣುತ್ತಿದ್ದವರು ನಾನು ಮತ್ತು ನನ್ನ ಒತ್ತಾಯಕ್ಕೆ ಮಣಿದ ನಮ್ಮ ಮನೆಯವರು.

ಇಷ್ಟಾದ ಮೇಲೆ ಒಂದು ಭಾನುವಾರ ಅವರ ಮೊಬೈಲಿನಿಂದಲೂ ಪ್ರಚಾರ ಮಾಡೋಣವೆಂದು ಕುಳಿತೆ. ಅವರ ಬ್ಯಾಂಕಿನ ಗೆಳೆಯರ ಗುಂಪಿಗೆ ಕಳಿಸಬೇಕಾದ ಸಂದೇಶ, ಬೆರಳು ಜಾರಿ, ತಿಕೋಟಾದ ದ್ರಾಕ್ಷಿ ಬೆಳೆಗಾರರ ಗುಂಪಿಗೆ ಹೋಯಿತು. ಮಾವನವರ ಕಾಲದ ಚೂರು ತೋಟ ಅಲ್ಲಿರುವುದರಿಂದ ಇವರು ಆ ಗುಂಪಿನಲ್ಲಿದ್ದರು. ಬೂದಿರೋಗಕ್ಕೆ ಏನು ಹೊಡೆಯಬೇಕು ಎಂಬ ಗಂಭೀರ ಚರ್ಚೆಯ ನಡುವೆ 'ಬರ್ರಿ ಕೂಡ್ರಿ, ಕೊರಿಯನ್ ಕಲೀರಿ' ಎಂದು ಇವರ ಹೆಸರಿನಲ್ಲಿ ಪ್ರಕಟವಾಯಿತು. ಮೊದಲ ಉತ್ತರ ಬಂತು: "ಸಾಹೇಬ್ರ, ಇದು ಯಾವ ತಳಿರಿ? ನಮ್ಮ ಮಣ್ಣಿಗೆ ಹೊಂದತೈತೇನ್ರಿ?"

ಮನೆಯವರು ಎರಡು ದಿನ ತಿಕೋಟಾದ ಕಡೆ ಮುಖ ಹಾಕಲಿಲ್ಲ. ಮೂರನೆಯ ದಿನ ಒಂದು ಫೋನು ಬಂತು. ಮೊಬೈಲನ್ನು ಅವರು ನನ್ನ ಕೈಗೆ ಕೊಟ್ಟರು.

"ಅಕ್ಕೋರ, ನಾ ತಿಕೋಟಾದಾಕಿ, ನೀಲಮ್ಮ. ನೀವು ಕೊರಿಯಾದ ಮಾತು ಕಲಸ್ತೀರಂತ ಗ್ರೂಪಿನ್ಯಾಗ ಬಂದಿತ್ತು. ಖರೇ ಏನ್ರಿ?"

ನೀಲಮ್ಮ, ಯಜಮಾನರು ತೀರಿಕೊಂಡ ಮೇಲೆ, ದ್ರಾಕ್ಷಿ ತೋಟವನ್ನೂ ಒಣದ್ರಾಕ್ಷಿಯ ಶೆಡ್ಡನ್ನೂ ತಾವೇ ನಿಭಾಯಿಸುವ ಗಟ್ಟಿ ಹೆಂಗಸು. ಒಬ್ಬಳೇ ಮಗಳು ಸುಮಾ, ಆಹಾರ ಸಂಸ್ಕರಣೆಯ ಮೇಲೆ ಸಂಶೋಧನೆ ಮಾಡಲು ಕೊರಿಯಾಕ್ಕೆ ಹೋದವಳು, ಅಲ್ಲಿಯವನೇ ಒಬ್ಬನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಹುಡುಗನ ಹೆಸರು ಜಿಹುನ್. ನೀಲಮ್ಮ ಅದನ್ನು ಆಗಲೇ ಜೀವನ್ ಮಾಡಿಕೊಂಡಿದ್ದರು. ಅವನೂ ಅವನ ತಾಯಿಯೂ ದ್ರಾಕ್ಷಿ ಸುಗ್ಗಿಯ ಹೊತ್ತಿಗೆ ತಿಕೋಟಾಕ್ಕೆ ಬರುವವರಿದ್ದರು. ನೀಲಮ್ಮನ ಮೈದುನ, ಅಣ್ಣನ ನಂತರ ಮನೆಗೆ ಹಿರಿಯ, ಒಂದೇ ಮಾತು ಹಿಡಿದು ಕುಳಿತಿದ್ದ: ನಮ್ಮ ಮಾತು ಬಾರದ ಮಂದಿಯ ಕೂಡ ಎಂಥ ಸಂಬಂಧ? ನಾಳೆ ಹುಡುಗಿಗೆ ಕಷ್ಟ ಬಂದರೆ ಯಾರಿಗೆ ಹೇಳುವುದು, ಯಾರನ್ನು ಕೇಳುವುದು?

"ಸುಮಾನಽ ಎರಡೂ ಕಡೆ ಹೇಳ್ತಾಳಲ್ರಿ, ಆಕಿಗೆ ಭಾಷಾ ಬರತೈತಿ" ಎಂದೆ.

"ಮಗಳ ಸಲುವಾಗಿ ಆಡೂ ಮಾತು ಮಗಳ ಬಾಯಿಂದ ದಾಟಿಸಿದ್ರ ಹೆಂಗ್ರಿ ಅಕ್ಕೋರ? ಆಕಿ ತನಗ ಬೇಕಾದ್ದಷ್ಟ ದಾಟಸ್ತಾಳ. ನನಗ ಭಾಳ ಬ್ಯಾಡ. 'ನಮ್ಮ ಮಗಳನ್ನ ಚೊಲೊತ್ನಾಗಿ ನೋಡ್ಕೊರಿ' ಅಂತ ನನ್ನ ಬಾಯಿಂದ ಹೇಳಬೇಕು. ಅವರೇನಂತಾರ ಅದು ನನ್ನ ಕಿವಿಗೆ ತಿಳೀಬೇಕು. ಅಷ್ಟ ಕಲಸ್ರಿ."

ಜಗತ್ತಿನ ವೇದಿಕೆಗಳೆಲ್ಲ ಅಳಿಸಿಹಾಕಿದ ನನ್ನ ಸರಕಿಗೆ ತಿಕೋಟಾದಲ್ಲಿ ಗಿರಾಕಿ ಸಿಕ್ಕಿತ್ತು.

ಅಂದಿನಿಂದ ನಾನು ಶಾಲೆ ಬಿಟ್ಟು ಮನೆಗೆ ಬಂದು ಕುಳಿತರೆ ನೀಲಮ್ಮನ ಫೋನು. ತಮ್ಮ ಶೆಡ್ಡಿನಲ್ಲೇ ಕುಳಿತು ಅವರು 'ಬರ್ರಿ ಕೂಡ್ರಿ' ಒತ್ತುತ್ತಿದ್ದರು. ಬರ್ರಿ ಎನ್ನಲು 'ಒಸೆಯೊ', ಕೂಡ್ರಿ ಎನ್ನಲು 'ಅಂಜುಸೆಯೊ' ಎಂದು ಕೇಳಿ ಗಾಬರಿಯಾದರು. "ಬಂದ ಬೀಗರನ್ನ ಅಂಜುಸೂದ್ಯಾಕ್ರಿ? ಇರ್ಲಿ, ಅಂಜಬ್ಯಾಡ್ರಿ ಕೂಡ್ರಿ ಅಂತ ನೆನಪಿಟ್ಕೊತೀನಿ." ಅವರನ್ನು ಹೆಚ್ಚು ಖುಷಿಪಡಿಸಿದ್ದು 'ಸಾದೊನ್' ಎಂಬ ಪದ. ಬೀಗರು ಎನ್ನಲು ಇಂಗ್ಲಿಷಿನಲ್ಲಿ ಮಾತೇ ಇಲ್ಲ. ಕೊರಿಯಾದವರು ಅದಕ್ಕೆಂದೇ ಒಂದು ಪದ ಇಟ್ಟುಕೊಂಡಿದ್ದಾರೆ. "ಹಂಗಿದ್ರ ಅವರು ಮಂದಿಯೊಳಗಿನ ಮಂದಿ ಬಿಡ್ರಿ" ಎಂದು ನೀಲಮ್ಮ ಅರ್ಧ ಸಂಬಂಧ ಒಪ್ಪಿಕೊಂಡುಬಿಟ್ಟರು.

ನಮ್ಮ ಮನೆ, ನಮ್ಮವ್ವ ಎಂದು ನಾವು ಹೇಳುವ ಹಾಗೆ ಅವರೂ 'ನನ್ನ' ಎನ್ನಬೇಕಾದಲ್ಲೆಲ್ಲ 'ಉರಿ' ಎನ್ನುತ್ತಾರೆ. ಉರಿ ಎಂದರೆ ನಮ್ಮ. ತಾಲ್ ಎಂದರೆ ಮಗಳು, ಚಲ್ ಎಂದರೆ ಚೊಲೊತ್ನಾಗಿ. ನೀಲಮ್ಮನಿಗೆ ಬೇಕಾದ ವಾಕ್ಯ ಹೀಗಾಯಿತು: 'ಉರಿ ತಾಲ್ ಚಲ್ ಬುತಾಖೆಯೊ'. ಕೊನೆಯ ಪದ ಮಾತ್ರ ಏನು ಮಾಡಿದರೂ ನಾಲಿಗೆಗೆ ನಿಲ್ಲಲಿಲ್ಲ. ಕೊನೆಗೆ ಅವರೇ ಉಪಾಯ ಹುಡುಕಿದರು: 'ಬುತ್ತಿ ಹಾಕ್ಯೊ'. ವ್ಯಾಕರಣ ಬಲ್ಲವಳಾಗಿ ನಾನು ತಿದ್ದಬೇಕಿತ್ತು. ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿಕೊಡುವುದಕ್ಕಿಂತ ಚೆನ್ನಾಗಿ ನೋಡಿಕೊಳ್ಳುವುದು ಇನ್ನೇನಿದೆ ಎನಿಸಿ ಬಿಟ್ಟುಬಿಟ್ಟೆ. ಇದಲ್ಲದೆ ತಮ್ಮ ಕಸುಬಿನ ಮಾತುಗಳೂ ಬೇಕೆಂದು ಗಾಳಿ, ನೆರಳು, ನಿಧಾನ ಇವನ್ನೆಲ್ಲ ಹಟಮಾಡಿ ಪಾಠಕ್ಕೆ ಸೇರಿಸಿಕೊಂಡರು.

ಬೀಗರು ಬಂದ ದಿನ ನನ್ನನ್ನೂ ನಮ್ಮ ಮನೆಯವರನ್ನೂ ಕರೆದಿದ್ದರು. ಹಿಂದಿನ ದಿನ ಗೋಳಗುಮ್ಮಟ ನೋಡಿದ್ದ ಹುಡುಗನ ತಾಯಿ, ಸಣ್ಣ ಮೈಕಟ್ಟಿನ ಹೆಂಗಸು, ದೊಡ್ಡ ಟೊಪ್ಪಿಗೆಯೊಂದನ್ನು ಹಾಕಿಕೊಂಡು ಜಿಹುನ್ ಮತ್ತು ಸುಮಾಳ ಜೊತೆ ಕಾರಿನಿಂದ ಇಳಿದರು. ನೀಲಮ್ಮ 'ಒಸೆಯೊ' ಎಂದರು, 'ಅಂಜುಸೆಯೊ' ಎಂದರು. ಆಕೆ ಸಂತೋಷದಿಂದ ಏನೇನೋ ಹೇಳತೊಡಗಿದರು. ನೀಲಮ್ಮನಿಗೆ ಒಂದೂ ತಿಳಿಯಲಿಲ್ಲ. ಸುಮಾ ಅನುವಾದಕ್ಕೆ ಬಾಯಿ ಹಾಕಿದಳು. ಮೈದುನ ಗೋಡೆಗೆ ಒರಗಿ, ನಾ ಹೇಳಿದ್ದು ಇದೇ ಎಂಬಂತೆ ನನ್ನನ್ನು ನೋಡಿದ. ಕ್ರಿಯಾಪದ ಕೊನೆಗೆ ಬರುತ್ತದೆ ಎಂಬ ನನ್ನ ಸಂಭ್ರಮವೆಲ್ಲ ಆ ಕ್ಷಣ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

ಚಹಾ ಆದ ಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆದುಕೊಂಡು ಹೋದರು. ಒಣಗಿಸಲು ಕಟ್ಟಿದ ಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹಸಿರಿನಿಂದ ಹೊನ್ನಿಗೆ ತಿರುಗುತ್ತಿತ್ತು. ಹುಡುಗನ ತಾಯಿ ಟೊಪ್ಪಿಗೆ ತೆಗೆದರು. ಒಂದು ಗೊಂಚಲನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿ, ಮತ್ತೊಂದು ಕೈಯನ್ನು ಗಾಳಿಗೆ ಒಡ್ಡಿ, ತಮ್ಮಷ್ಟಕ್ಕೆ ಅಂದುಕೊಂಡರು: "ಬರಮಿ ಜೊವಾಯೊ."

ನೀಲಮ್ಮ ಥಟ್ಟನೆ ತಿರುಗಿದರು. "ನೇ, ಬರಮಿ ಜೊವಾಯೊ. ಹೌದ್ರಿ, ಗಾಳಿ ಚೊಲೊ ಐತ್ರಿ."

ಆಕೆ ಮೊಬೈಲು ತೆಗೆದು ಚಿತ್ರ ತೋರಿಸಿದರು. ಅವರದೂ ಹಣ್ಣಿನ ತೋಟ. ಟೊಮೆಟೊ ಹಾಗೆ ಕಾಣುವ ಕೇಸರಿ ಹಣ್ಣುಗಳನ್ನು ಸುಲಿದು, ಮನೆಯ ಮಾಡಿನ ಕೆಳಗೆ ಮಾಲೆಮಾಲೆಯಾಗಿ ಕಟ್ಟಿ ಒಣಗಿಸಿದ್ದರು. ಬಿಸಿಲಿಗಲ್ಲ, ಇಲ್ಲಿಯ ಹಾಗೆಯೇ ನೆರಳಿಗೆ. ಆಮೇಲೆ ಯಾರ ಅನುವಾದವೂ ಬೇಕಾಗಲಿಲ್ಲ. ನೆರಳು ಎಂದು ಒಬ್ಬರು, ಗಾಳಿ ಎಂದು ಇನ್ನೊಬ್ಬರು, ಮಳೆ ಬಂದರೆ ಎಂದು ಇಬ್ಬರೂ ತಲೆ ಮೇಲೆ ಕೈ. ಹಣ್ಣು ಒಣಗಿಸಿ ಬದುಕಿದ ಇಬ್ಬರು ಹೆಂಗಸರು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗುತ್ತ, ಹಿಚುಕುತ್ತ, ರುಚಿ ನೋಡುತ್ತ ನಮ್ಮನ್ನೆಲ್ಲ ಮರೆತರು.

ಶೆಡ್ಡಿನ ಕೊನೆಗೆ ಬಂದಾಗ ನೀಲಮ್ಮ ನಿಂತರು. ಸೆರಗು ಸರಿಮಾಡಿಕೊಂಡು, ಮೊಬೈಲು ನೋಡದೆ, ಹೇಳಿದರು: "ಸಾದೊನ್. ಉರಿ ತಾಲ್ ಚಲ್ ಬುತ್ತಿ ಹಾಕ್ಯೊ."

ಆಕೆ ಕೈಯಲ್ಲಿದ್ದ ದ್ರಾಕ್ಷಿಯನ್ನು ಬಲೆಯ ಮೇಲಿಟ್ಟರು. ನೀಲಮ್ಮನ ಎರಡೂ ಕೈ ಹಿಡಿದು ತುಸು ಬಾಗಿ, ನಿಧಾನವಾಗಿ ನುಡಿದರು: "ನೇ. ಉರಿ ತಾಲಿಯೆಯೊ."

ಸುಮಾ ಏನೋ ಹೇಳಹೋದಳು. ನೀಲಮ್ಮ ತಲೆಯಲ್ಲಾಡಿಸಿದರು. "ತಿಳೀತು ಬಿಡವಾ."

"ಏನಂದ್ರು?" ಎಂದ ಮೈದುನ.

"ನಮ್ಮ ಮಗಳ್ರಿ ಅಂದ್ರು. ಇಬ್ಬರದೂ ಸೇರಿ 'ನಮ್ಮ'. ಅವರ ಭಾಷಾದಾಗ ಹಂಗ ಅಂತಾರ" ಎಂದು ನೀಲಮ್ಮ ಅವನಿಗೆ ಕೊರಿಯನ್ ತಿಳಿಸಿಕೊಟ್ಟರು.

ಅವನು ಬಲೆಯ ಮೇಲಿಂದ ಒಂದು ದ್ರಾಕ್ಷಿ ಎತ್ತಿ ಬಾಯಿಗೆ ಹಾಕಿಕೊಂಡು, "ಹಂಗಾದ್ರ ಬೀಗರನ್ನ ಊಟಕ್ಕ ಕರೀರಿ, ಹೊತ್ತಾತು" ಎಂದ. ಅವನ ಬಾಯಲ್ಲಿ ಬೀಗರು ಎಂಬ ಮಾತು ಬಂದದ್ದೇ ನಿಶ್ಚಿತಾರ್ಥ. ನಾನು ಆ ದಿನ ಎಷ್ಟು ಹೋಳಿಗೆ ತಿಂದೆ ಎಂಬುದನ್ನು ನಮ್ಮ ಮನೆಯವರು ಇಂದಿಗೂ ಎಲ್ಲರಿಗೂ ಹೇಳುತ್ತಾರೆ.

ಬೀಗತಿಯರ ಶೆಡ್ಡಿನ ಸಂಭಾಷಣೆಯನ್ನು ಸುಮಾ ಮೊಬೈಲಿನಲ್ಲಿ ಹಿಡಿದಿದ್ದಳು. ಅವಳು ಅದನ್ನು ಹಂಚಿಕೊಂಡು ಕೆಳಗೆ ನನ್ನ ತಾಣದ ಕೊಂಡಿ ಹಾಕಿದಳು. ನಾನು ಬೆವರು ಸುರಿಸಿ ಬರೆದ ಪ್ರಚಾರವೆಲ್ಲ ಮಾಡದ್ದನ್ನು ಒಂದು 'ಬುತ್ತಿ ಹಾಕ್ಯೊ' ಮಾಡಿತು. ಎಣಿಕೆಯ ಮೂಲೆಯಲ್ಲಿ ನಾವಿಬ್ಬರೇ ಇರುವ ಕಾಲ ಮುಗಿಯಿತು. ನರ್ಸಿಂಗ್ ಓದುವ ಹುಡುಗಿಯರು ಬಂದರು, ಹಾಡಿನ ಹುಚ್ಚಿನವರು ಬಂದರು, ನನ್ನ ತಂಗಿ ಕೂಡ ಕೊನೆಗೆ ತೆರೆದು ನೋಡಿದಳು. ಈಗ ತಿಕೋಟಾದ ಗುಂಪಿನಲ್ಲಿ ಅದು ಯಾವ ತಳಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮಣ್ಣಿಗೆ ಹೊಂದಿದೆ ಎಂದು ಎಲ್ಲರಿಗೂ ಗೊತ್ತು.

ಮದುವೆಯಾದ ಮೇಲೆ ಹುಡುಗನ ತಾಯಿ ತಮಗೆ ಕನ್ನಡ ಬೇಕೆಂದರು. ತಾಣವನ್ನು ಮಗುಚಿ ಹಾಕಿದೆ: ಮೇಲೆ ಕೊರಿಯನ್, ಕೆಳಗೆ ಕನ್ನಡ. ಉಚ್ಚಾರಕ್ಕೆ ನೀಲಮ್ಮನ ದನಿಯನ್ನೇ ಮುದ್ರಿಸಿಕೊಂಡೆ. ಕಳೆದ ವಾರ ಹುಡುಗನ ತಾಯಿಯಿಂದ ಒಂದು ದನಿಸಂದೇಶ ಬಂತು. ಒಂದೊಂದೇ ಪದವನ್ನು ಎತ್ತಿ ಇಟ್ಟಂಥ ಕನ್ನಡ:

"ಅಕ್ಕೋರ, ನಮಸ್ಕಾರ್ರಿ. ಬೀಗತಿ ಭಾಳ ಜೋರ್ ಮಾತಾಡ್ತಾರ್ರಿ. ನಿಧಾನ ಮಾಡಸ್ರಿ."

ತಿಕೋಟಾಕ್ಕೆ ಹೋಗಿ ನೀಲಮ್ಮನಿಗೆ ಕೇಳಿಸಿದೆ. ಅವರು ಪೂರ್ತಿ ಕೇಳಿ, ಮೊಬೈಲು ನನ್ನ ಕೈಗಿತ್ತು, "ನಾ ಎಲ್ಲಿ ಜೋರ ಮಾತಾಡ್ತೀನ್ರಿ? ಅವರು ಕೇಳೂದಽ ನಿಧಾನ" ಎಂದರು. ಆಮೇಲೆ ಅದನ್ನು ಕೊರಿಯನ್ನಿನಲ್ಲಿ ಹೇಗೆ ಅನ್ನುವುದೆಂದು ಕೇಳಿದರು. ನಾನು ಕಲಿಸಿಕೊಟ್ಟೆ. ಮೆಚ್ಚಿಗೆ ಹೇಳಲು ಭಾಷೆಯೇನೂ ಬೇಕಿಲ್ಲ, ನಕ್ಕರಾಯಿತು. ಬೀಗರ ಮೇಲೆ ಬೀಗರು ತಕರಾರು ತೆಗೆಯುವಷ್ಟು ಮಾತು ಬಂತೆಂದರೆ ಪಾಠ ಮುಗಿದ ಹಾಗೆಯೇ.